ಬೀಗರ ಮನೆಯ ಟಿವಿ

ನಮ್ಮ ಕೇಂದ್ರಕ್ಕೆ ಹೊಸದಾಗಿ ಸೇರಿದವರು ಮೊನ್ನೆ ಮನೆಗೆ ಬಂದಿದ್ದರು. ಚಹಾ ಕುಡಿದು ಏಳುವಾಗ, "ಅಕ್ಕಾರ, ಈ ಕೆಲಸ ಖರೇನ ಹೆಂಗಿರ್ತೈತಿ ಅಂತ ಒಂದೀಟು ಬರದು ಕೊಡ್ರಿ" ಅಂದರು. ಬರೆಯಲು ಕೂತಿದ್ದೇನೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕಾಲು ಚಾಚಿ ಕೂರುವುದು ಬಿಟ್ಟರೆ ಈಗ ನನಗೆ ಬೇರೆ ಉದ್ಯೋಗವಿಲ್ಲ. ಆದರೆ ಹುರುಪು ಬರುವಂಥದ್ದೇನಾದರೂ ಬರೆದೇನು ಎಂದು ಕಾಯಬೇಡಿ. ಈ ಕೆಲಸದಲ್ಲಿ ದಣಿವೇ ಹೆಚ್ಚು. ಅದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಒಳ್ಳೆಯದು, ನನಗೂ ಹಗುರ.

ನಮ್ಮ ಗ್ರಾಹಕ ಸಹಾಯ ಕೇಂದ್ರ ಇರುವುದು ಸಿಂಧನೂರಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಗೊಬ್ಬರದ ಅಂಗಡಿಯ ಮಾಳಿಗೆ ಮೇಲೆ. ಲಿಂಗಸುಗೂರು, ಮಸ್ಕಿ ಕಡೆಯವರೂ ಇಲ್ಲಿಗೇ ಬರಬೇಕು. ನನ್ನದು ದೂರು ಬರೆದುಕೊಳ್ಳುವ ಕೆಲಸ. ಸೇರಿದಾಗಲೂ ಅದೇ, ಬಿಟ್ಟಾಗಲೂ ಅದೇ. ನಡುವೆ ನನ್ನ ಕುರ್ಚಿಗೆ ಒಂದು ದಿಂಬು ಬಂತು. ಅದೂ ನಾನೇ ಹೊಲಿದುಕೊಂಡದ್ದು.

ಮೊದಲು ತಿಳಿಯಬೇಕಾದದ್ದು ಏನೆಂದರೆ, ಬಂದವರು ಯಾರೂ ದೂರಿನಿಂದ ಶುರು ಮಾಡುವುದಿಲ್ಲ. ಮಿಕ್ಸರ್ ಸುಟ್ಟಿದೆ ಎಂದು ಬಂದವಳು ನಾದಿನಿಯ ಬಾಣಂತನದಿಂದ ಹೊರಡುತ್ತಾಳೆ. ನಡುವೆ ತಡೆಯಬೇಡಿ. ಆ ಬಾಣಂತನದ ಖಾರ ಕುಟ್ಟುವಾಗಲೇ ಮಿಕ್ಸರ್ ಸುಟ್ಟಿರುತ್ತದೆ, ಆ ಖಾರದ ಡಬ್ಬಿಯೊಳಗೇ ಬಿಲ್ಲನ್ನೂ ಮಡಚಿ ಇಟ್ಟಿರುತ್ತಾಳೆ. ಕೇಳುತ್ತ ಹೋದರೆ ಬಿಲ್ಲು ತಾನಾಗಿ ಹೊರಗೆ ಬರುತ್ತದೆ. ಸೀನು ಬಂದರೆ ಸೀನಿಬಿಡಿ.

ನಮ್ಮ ಮೇಲಿನವರು ಎಂದರೆ ರುದ್ರಗೌಡ ವಕೀಲರು, ಕೇಂದ್ರದ ಕಾರ್ಯದರ್ಶಿ. ಬೆಳಿಗ್ಗೆ ಕೋರ್ಟು, ಮಧ್ಯಾಹ್ನದ ಮೇಲೆ ಕೇಂದ್ರ. ಸಿಟ್ಟು ಬೇಗ ಬರುತ್ತಿತ್ತು, ಹೋಗುವುದು ಮಾತ್ರ ತಡ. ನಾನು ಸೇರಿದ ಹೊಸತರಲ್ಲಿ ಒಬ್ಬ ಮುದುಕಿಗೆ, ನಿಮ್ಮ ಫ್ಯಾನಿನ ಹಣ ಬರುತ್ತದೆ ತಗೋರಿ ಎಂದು ಸಮಾಧಾನ ಹೇಳಿದ್ದೆ. ಮುದುಕಿ ಇಳಿದು ಹೋದ ಮೇಲೆ ನನ್ನನ್ನು ಕರೆದರು.

"ಸರೋಜಮ್ಮ, ರೊಕ್ಕ ಬರ್ತದ ಅಂತ ಇನ್ನೊಮ್ಮೆ ಯಾರಿಗೂ ಹೇಳಬ್ಯಾಡ್ರಿ. ಕೇಳೋಣು ಅಂತ ಹೇಳ್ರಿ. ಬರ್ತದ ಅಂದ್ರ ಆಕಿ ಇವತ್ತ ಅದನ್ನ ಖರ್ಚು ಮಾಡ್ತಾಳ."

ಅಂದಿನಿಂದ ನಾನು 'ಕೇಳೋಣು' ಎಂದಷ್ಟೇ ಹೇಳುತ್ತ ಬಂದೆ. ಜನರಿಗೆ ಅದು ರುಚಿಸುತ್ತಿರಲಿಲ್ಲ. ನಿಮಗೂ ಆ ಮಾತು ಹೇಳಿ ಹೇಳಿ ಬಾಯಿ ಒಣಗುತ್ತದೆ, ಆದರೂ ಅದನ್ನೇ ಹೇಳಿ.

ಇಷ್ಟು ವರ್ಷಗಳಲ್ಲಿ ನನ್ನನ್ನು ಹೆಚ್ಚು ಸುಸ್ತು ಮಾಡಿದ್ದು ಟಿವಿ ಕೇಸು. ಅದನ್ನು ತಂದವರು ಲಿಂಗಸುಗೂರಿನ ದರ್ಜಿ ಮಲ್ಲಪ್ಪ. ಒಂದು ಮಧ್ಯಾಹ್ನ ನಮ್ಮ ಮೆಟ್ಟಿಲ ಮೇಲೆ ಮೊದಲು ಬೆಡ್‌ಶೀಟು ಸುತ್ತಿದ ದೊಡ್ಡ ರಟ್ಟಿನ ಡಬ್ಬಿ ಕಾಣಿಸಿತು. ಆಮೇಲೆ ಅದರ ಕೆಳಗಿದ್ದ ಮನುಷ್ಯ.

"ಟಿವಿ ಹೊತ್ಕೊಂಡು ಬಂದೀರೇನ್ರಿ?" ಅಂದೆ.

"ಟಿವಿ ಮಸ್ಕ್ಯಾಗ ಐತ್ರಿ, ಮಗಳ ಮನ್ಯಾಗ. ಇದು ಖಾಲಿ ಡಬ್ಬಿ. ಆದ್ರೂ ಕಂಡಕ್ಟರ್ ಇದಕ್ಕ ಲಗೇಜ್ ಟಿಕೆಟ್ ಹರದಾನ. ಒಳಗ ಏನೂ ಇಲ್ಲೋ ಮಾರಾಯ ಅಂದ್ರ, ಖಾಲಿ ಡಬ್ಬಿಗೆ ಯಾರಾದ್ರೂ ಬೆಡ್‌ಶೀಟ್ ಹೊಚ್ತಾರೇನು ಅಂದ."

ಬೆಡ್‌ಶೀಟು ಯಾಕೆ ಹೊದಿಸಿದ್ದರೆಂದರೆ, ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತದೆ. ಬೀಗರ ಕಡೆಯವರು ಯಾರಾದರೂ ಹತ್ತಿ ಡಬ್ಬಿ ನೋಡಿದರೆ ನೂರು ಪ್ರಶ್ನೆ.

ಮಲ್ಲಪ್ಪನವರು ಮಗಳು ಸುನಂದಾಳ ಮದುವೆಗೆ ಆ ಟಿವಿ ಕೊಂಡಿದ್ದರು. ವರದಕ್ಷಿಣೆ ಕೊಡಬಾರದು, ತಗೊಳ್ಳಬಾರದು ಎಂದು ಕಾನೂನಿದೆ. ಅದನ್ನು ಗೋಡೆಗೆ ಅಂಟಿಸಿಕೊಂಡವರು ನಾವೇ. ಆದರೂ ನಮ್ಮ ಕಡೆ ಮದುವೆಯ ದಿನ ಸಾಮಾನುಗಳನ್ನು ಡಬ್ಬಿಯಿಂದ ಹೊರಗೆ ತೆಗೆದು, ಹೂವಿನ ಸರ ಹಾಕಿ, ಬಂದವರಿಗೆ ಕಾಣುವಂತೆ ಸಾಲಾಗಿ ಇಡುತ್ತಾರೆ. ಆಯೇರಿ ಕೂಗುವವನು ಮೈಕಿನಲ್ಲಿ ಯಾರು ಏನು ಕೊಟ್ಟರು ಎಂದು ಓದುತ್ತಾನೆ. ಸುನಂದಾಳ ಮದುವೆಯಲ್ಲಿ ಮೈಕು ಹಿಡಿದವನು ಟಿವಿಯ ಬೆಲೆಯನ್ನೂ ಸೇರಿಸಿ ಕೂಗಿದ. ಟಿವಿ ಮಸ್ಕಿಗೆ ಹೋಯಿತು. ಖಾಲಿ ಡಬ್ಬಿಯನ್ನು ಮಲ್ಲಪ್ಪ ಅಂಗಡಿಗೆ ತಂದು ಕತ್ತರಿಸಿದ ಬಟ್ಟೆಚೂರು ತುಂಬಲು ಇಟ್ಟುಕೊಂಡರು, ಇಸ್ತ್ರಿ ಮೇಜಿನ ಪಕ್ಕದಲ್ಲಿ. ನೀರು ಚಿಮುಕಿಸಿ ಇಸ್ತ್ರಿ ಹಾಕಿದಾಗಲೆಲ್ಲ ಹಬೆ ತಾಗಿ ತಾಗಿ ಡಬ್ಬಿಯ ಮೇಲಿನ ಬೆಲೆಚೀಟಿ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡಿತು. ಕಿತ್ತು ನೋಡಿದರೆ ಕೆಳಗೆ ಇನ್ನೊಂದು ಬೆಲೆ. ಕಂಪನಿ ಅಚ್ಚು ಹಾಕಿದ್ದು. ಹೊಲಿಗೆ ಮಷಿನ್ನಿಗೆ ಒಳ್ಳೆಯದೊಂದು ಮೋಟಾರು ಬಂದು, ಬೆಲ್ಟಿಗೂ ಉಳಿಯುವಷ್ಟು ಕಡಿಮೆ.

"ಮೋಟಾರಿನ ಲೆಕ್ಕ ಯಾಕ ಹೇಳ್ತೀನಂದ್ರ," ಎಂದು ಮಲ್ಲಪ್ಪ ತಮ್ಮ ಬಲಗಾಲನ್ನು ಒತ್ತಿಕೊಂಡರು, "ತುಳದು ತುಳದು ಇದು ಹೋಗೈತ್ರಿ. ರಾತ್ರಿ ಮಲಗಿದ್ರೂ ತಾನ ತುಳೀತಿರ್ತೈತಿ. ಮೋಟಾರ್ ಹಾಕಿಸಬೇಕು ಅಂತ ಇಟ್ಟಿದ್ದ ರೊಕ್ಕಾನ ಆ ಟಿವಿಗೆ ಸೇರಿಸಿದ್ದೆ. ಅಷ್ಟೇ ರೊಕ್ಕ ಹೊಡದಾರ ನೋಡ್ರಿ ಅವರು."

ವಕೀಲರು ಉಗುರಿನಿಂದ ಚೀಟಿಯ ಉಳಿದ ಮೂಲೆ ಕೆರೆದು, ಕನ್ನಡಕ ಏರಿಸಿ, ಮತ್ತೊಮ್ಮೆ ನೋಡಿದರು. ಟಿವಿ ಮಾರಿದ ಅಂಗಡಿಗೆ ಮೂರೂ ಊರುಗಳಲ್ಲಿ ಶಾಖೆ ಇತ್ತು. ಮದುವೆಯ ಹಂಗಾಮಿನಲ್ಲಿ ಮಾರಿದ ಟಿವಿಗಳಿಗೆಲ್ಲ ಹೀಗೇ ಹಚ್ಚಿರಬೇಕು ಎಂದರು.

"ಮಲ್ಲಪ್ಪಾರ, ನಿಮ್ಮೊಬ್ಬರ ಅರ್ಜಿ ಹಾಕಿದ್ರ ನಾಳೆ ನಿಮ್ಮ ರೊಕ್ಕ ನಿಮ್ಮ ಕೈಯಾಗಿಟ್ಟು ಕೈ ತೊಳ್ಕೊಂತಾರ. ಎಲ್ಲಾರ ಪರವಾಗಿ ಹಾಕಬಹುದು. ಅದು ತಡಾ ಆಗ್ತದ. ನಿಮ್ಮ ಹೆಸರು ಮೊದಲು ಇರ್ತದ. ಏನಂತೀರಿ?"

ಮಲ್ಲಪ್ಪ ಹೆಚ್ಚು ಯೋಚಿಸಲಿಲ್ಲ. "ಎಲ್ಲಾರದೂ ಹಾಕ್ರಿ. ಮಗಳ ಮದುವಿ ಗಡಿಬಿಡ್ಯಾಗ ಮನಷ್ಯಾ ಚೀಟಿ ಕೆರದು ನೋಡಂಗಿಲ್ಲ ಅಂತ ಗೊತ್ತಿದ್ದ ಹಚ್ಯಾರ. ಆದ್ರ ಒಂದ್ರಿ. ಮಸ್ಕ್ಯಾಗ ನಮ್ಮ ಬೀಗರಿಗೆ ಗೊತ್ತಾಗಬಾರ್ದು. ಅಲ್ಲಿ ಆ ರೇಟು ಹೇಳಿ ಮಗಳನ್ನ ಕಳಿಸೀನಿ."

ಎಲ್ಲರ ಪರವಾಗಿ ಎಂದ ಮೇಲೆ ಅವರೆಲ್ಲರನ್ನು ಹುಡುಕುವುದು ನನ್ನ ಪಾಲಿಗೆ ಬಂತು. ಚೀಟಿಯ ಕೆಳಗಿನ ಬೆಲೆ ತೋರಿಸಲು ಡಬ್ಬಿಗಳು ಬೇಕಿದ್ದವು. ಟಿವಿ ಕೊಂಡವರು ಊರೆಲ್ಲ ಸಿಗುತ್ತಾರೆ, ಡಬ್ಬಿ ಇಟ್ಟುಕೊಂಡವರು ಸಿಗುವುದಿಲ್ಲ. ಒಬ್ಬರು ಒಲೆಗೆ ಹಾಕಿದ್ದರು. ಒಬ್ಬರು ಅಟ್ಟದ ಮೇಲಿನ ಹಾಸಿಗೆಗಳಿಗೆ ಹೊದಿಕೆ ಮಾಡಿದ್ದರು. ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ ಅನಿಮಾ ದೀದಿ ಎಂಬ ಹೆಣ್ಣುಮಗಳ ಮನೆಯಲ್ಲಿ ಡಬ್ಬಿ ಚೀಟಿಯ ಸಮೇತ ಚೆನ್ನಾಗಿಯೇ ಇತ್ತು. ಒಳಗೆ ಕೋಳಿ ಕಾವಿಗೆ ಕೂತಿತ್ತು.

"ಒಯ್ಯಾಕ ಆಗಂಗಿಲ್ಲ ಅಕ್ಕಾ. ಈಗ ಎಬ್ಬಿಸಿದ್ರ ತತ್ತಿ ಕೆಡ್ತಾವ. ಮರಿ ಆಗ್ಲಿ, ನಾನ ತಂದು ಕೊಡ್ತೀನಿ."

"ಕೋರ್ಟಿನ್ಯಾಗ ವಾಯಿದೆ ಐತಿ ದೀದಿ."

"ಕೋರ್ಟಿಗೆ ಹೇಳು, ಕೋಳಿ ಕೂತೈತಿ ಅಂತ."

ನಾನು ವಕೀಲರಿಗೆ ಹೆದರುತ್ತಲೇ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ 'ಸಾಕ್ಷ್ಯ ಸಂಗ್ರಹಕ್ಕೆ ಕಾಲಾವಕಾಶ ಬೇಕು' ಎಂದು ಬರೆದರು. ಮುಂದಿನ ವಾಯಿದೆಗೆ ಡಬ್ಬಿ ಬಂತು. ದೀದಿ ಅದನ್ನು ಪುಕ್ಕಟೆ ಕೊಡಲಿಲ್ಲ. ಅಷ್ಟೇ ದೊಡ್ಡ ಇನ್ನೊಂದು ಡಬ್ಬಿಯನ್ನು ನಾನು ಗಂಜ್ ಮಾರುಕಟ್ಟೆಯಿಂದ ಹೊತ್ತು ಒಯ್ದು ಕೊಟ್ಟ ಮೇಲೆಯೇ ಕೊಟ್ಟಳು.

ಕೇಸು ರಾಯಚೂರಿನ ಗ್ರಾಹಕ ಕೋರ್ಟಿನಲ್ಲಿ ನಡೆಯಿತು. ವರ್ಷಗಟ್ಟಲೆ ಕೋರ್ಟು ಹೇಗೆ ನಡೆಯುತ್ತದೆ ಎಂದು ನಾನು ಬರೆಯಬೇಕಾಗಿಲ್ಲ, ನಿಮಗೇ ಗೊತ್ತಾಗುತ್ತದೆ. ಹೋಗುವುದು, ಕಟ್ಟೆಯ ಮೇಲೆ ಕೂರುವುದು, ಬರುವುದು. ಮಲ್ಲಪ್ಪ ಪ್ರತಿ ಸಲ ಅಂಗಡಿ ಬಾಗಿಲು ಹಾಕಿಕೊಂಡು ರಾಯಚೂರಿಗೆ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು ಕಾಜಾ, ಗುಂಡಿ ಹಾಕುತ್ತಿದ್ದರು. ಒಂದು ಚೀಲದ ತುಂಬ ಅರ್ಧ ಹೊಲಿದ ಅಂಗಿಗಳು ಯಾವಾಗಲೂ ಜೊತೆಗಿರುತ್ತಿದ್ದವು. ನಡುವೆ ಒಮ್ಮೆ ಟಿವಿ ಅಂಗಡಿಯ ಮ್ಯಾನೇಜರ್ ಅವರಲ್ಲಿಗೇ ಹೋಗಿ ಲಕೋಟೆ ಇಟ್ಟನಂತೆ. ನಿಮ್ಮದು ನಿಮಗೆ ಮುಟ್ಟಿತು, ಸಹಿ ಮಾಡಿ ಹಿಂದೆ ಸರಿಯಿರಿ, ಯಾರಿಗೂ ಗೊತ್ತಾಗುವುದಿಲ್ಲ ಎಂದನಂತೆ.

"ತಗೊಂಡಿದ್ರ ಅವತ್ತ ಮೋಟಾರ್ ಬರ್ತಿತ್ರಿ ಅಕ್ಕಾರ," ಎಂದರು ಮಲ್ಲಪ್ಪ. "ಆದ್ರ ಆ ಬಂಗಾಲಿ ದೀದಿ ಕೋಳಿ ಗೂಡು ಬಿಡಿಸಿ ಡಬ್ಬಿ ಕೊಟ್ಟಾಳ. ಆಕಿಗೆ ಏನಂತ ಹೇಳ್ಲಿ?"

ಕೊನೆಗೆ ಆದೇಶ ನಮ್ಮ ಕಡೆ ಆಯಿತು. ಆ ಹಂಗಾಮಿನಲ್ಲಿ ಆ ಅಂಗಡಿಗಳಲ್ಲಿ ಟಿವಿ ಕೊಂಡವರಿಗೆಲ್ಲ ಹೆಚ್ಚಿಗೆ ತೆಗೆದುಕೊಂಡ ಹಣ ವಾಪಸು ಕೊಡಬೇಕು ಎಂದು. ವಕೀಲರು ಪೇಢೆ ತರಿಸಿದರು. ಕೆಲಸ ಮುಗಿಯಿತು ಎಂದುಕೊಂಡೆ. ಗೆದ್ದ ದಿನ ಹಾಗೆ ಅಂದುಕೊಳ್ಳಬೇಡಿ. ಹಣ ಕೇಳಿ ತೆಗೆದುಕೊಳ್ಳುವ ಕೆಲಸ ಅಲ್ಲಿಂದ ಶುರುವಾಗುತ್ತದೆ, ಮತ್ತು ಅದು ಕೇಸಿಗಿಂತ ಹೆಚ್ಚು ದಣಿಸುತ್ತದೆ.

ಮೊದಲೆಲ್ಲ ನಾವು ಅರ್ಜಿ ಬರೆದು, ಹೆಬ್ಬೆಟ್ಟು ಒತ್ತಿಸಿ, ಕಟ್ಟು ಕಟ್ಟಿ ಕಳಿಸುತ್ತಿದ್ದೆವು. ಈ ಸಲ ಎಲ್ಲವೂ ಮೊಬೈಲಿನಲ್ಲಿ. ಬಿಲ್ಲಿನ ಫೋಟೊ, ಟಿವಿಯ ಬೆನ್ನಿಗಿರುವ ನಂಬರಿನ ಫೋಟೊ, ಆಮೇಲೆ ಫೋನಿಗೆ ಬರುವ ಓಟಿಪಿ. ಬಿಲ್ಲು ಕಳೆದವರಿಗೆ ಪ್ರಮಾಣಪತ್ರ ನಡೆಯುತ್ತಿತ್ತು. ಉಳಿದೆರಡಕ್ಕೆ ವಿನಾಯಿತಿ ಇರಲಿಲ್ಲ.

ನಂಬರಿನ ಫೋಟೊ ತೆಗೆಯಲು ಹೋದರೆ ಮನೆಮನೆಯಲ್ಲೂ ಒಂದೇ ಕಥೆ. ದೀಪಾವಳಿ ಪೂಜೆಗೆ ನಮ್ಮವರು ಕರೆಂಟಿನ ಯಾವ ಸಾಮಾನನ್ನೂ ಬಿಡುವುದಿಲ್ಲ, ವಿಭೂತಿ ಎಳೆದು ಕುಂಕುಮ ಇಡುತ್ತಾರೆ. ಟಿವಿಯ ಮುಂದೆ ಇಟ್ಟರೆ ಧಾರಾವಾಹಿಯವರ ಮುಖಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಹಿಂದೆ, ಸರಿಯಾಗಿ ನಂಬರಿನ ಮೇಲೆ. ಸಿಂಧನೂರಿನ ನೀಲಮ್ಮ ಎಂಬಾಕೆ ಗಲ್ಲ ಬಡಿದುಕೊಂಡು ಹೇಳಿದಳು:

"ಕುಂಕುಮ ಹಚ್ಚಾಕಂತನ ಕಂಪನ್ಯಾರು ಬಿಳಿ ಚೀಟಿ ಅಂಟಿಸ್ಯಾರ ಅನ್ಕಂಡಿದ್ವಿ ಅಕ್ಕಾರ. ವರ್ಷಾ ಅಲ್ಲೇ ಹಚ್ತೀವಿ."

ನಾನು ಕೊಬ್ಬರಿ ಎಣ್ಣೆ ತರಿಸಿ ಹತ್ತಿಯಿಂದ ಒರೆಸಿದೆ. ಕುಂಕುಮ ಹೋಯಿತು, ಅದರ ಜೊತೆ ನಂಬರೂ ಹೋಯಿತು. ನೀಲಮ್ಮ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಟಿವಿ ಕೂರಿಸುವವನೊಬ್ಬನನ್ನು ಕೇಳಿದ ಮೇಲೆ ತಿಳಿಯಿತು, ಅದೇ ನಂಬರು ಟಿವಿಯೊಳಗೆ ಸೆಟ್ಟಿಂಗ್ಸ್ ಒತ್ತಿದರೆ ಪರದೆಯ ಮೇಲೇ ಬರುತ್ತದೆ. ನೀವು ಮೊದಲು ಅಲ್ಲಿ ನೋಡಿ. ಎಣ್ಣೆ ಮುಟ್ಟಬೇಡಿ.

ಓಟಿಪಿಯದು ಇನ್ನೊಂದು ಪಾಡು. ಅದಕ್ಕೂ ಹಿಂದೆ ನಾವೇ ಹಳ್ಳಿಹಳ್ಳಿಗೆ ಹೋಗಿ, ಫೋನಿಗೆ ಬಂದ ನಂಬರನ್ನು ಯಾರಿಗೂ ಹೇಳಬೇಡಿ ಎಂದು ತಿಳಿವಳಿಕೆ ಕೊಟ್ಟು ಬಂದಿದ್ದೆವು. ಮುಕ್ಕುಂದದಲ್ಲಿ ಜನರಿಂದ ಒಟ್ಟಾಗಿ ಹೇಳಿಸಿದ್ದೂ ಉಂಟು. ಈಗ ಅದೇ ಮುಕ್ಕುಂದದಲ್ಲಿ ಅದೇ ನಾನು ಹೋಗಿ, ನಂಬರ್ ಬಂತೇನ್ರಿ ಎಂದು ಕೇಳಿದರೆ ಒಬ್ಬ ಯಜಮಾನರು ಫೋನನ್ನು ಅಂಗಿಯ ಒಳಜೇಬಿಗೆ ಇಳಿಸಿದರು.

"ಅವತ್ತು ನೀವ ಹೇಳಿದ್ರಿ, ಬ್ಯಾಂಕಿನ ಮ್ಯಾನೇಜರ್ ಸ್ವತಃ ಬಂದ್ರೂ ಹೇಳಬ್ಯಾಡ್ರಿ ಅಂತ. ಇವತ್ತು ನೀವ ಕೇಳಾಕತ್ತೀರಿ."

"ಯಜಮಾನ್ರ, ಅದು ಬ್ಯಾರೆ, ಇದು ಬ್ಯಾರೆ."

"ಮೋಸ ಮಾಡಾವ್ರೂ ಹಿಂಗ ಅಂತಾರಂತ ನೀವ ಹೇಳಿದ್ರಲ್ಲಬೇ."

ಫೋನನ್ನು ಅವರ ಕೈಯಲ್ಲೇ ಬಿಟ್ಟು, ಎಲ್ಲಿ ಒತ್ತಬೇಕು ಎಂದು ತೋರಿಸಿ, ಗೋಡೆ ಕಡೆ ಮುಖ ಮಾಡಿ ನಿಂತೆ. ಅಂದಿನಿಂದ ಎಲ್ಲ ಮನೆಗಳಲ್ಲೂ ಹಾಗೇ ಮಾಡಿದೆ. ಮೂರು ತಾಲೂಕಿನ ಎಷ್ಟೋ ಮನೆಗಳ ಗೋಡೆಗಳಲ್ಲಿ ಯಾವ ಕ್ಯಾಲೆಂಡರ್ ನೇತು ಹಾಕಿದ್ದಾರೆ ಎಂದು ನಾನು ಹೇಳಬಲ್ಲೆ.

ಹೀಗೆ ಒಬ್ಬೊಬ್ಬರದೇ ಮುಗಿಯುತ್ತ ಬಂತು. ಅನಿಮಾ ದೀದಿಗೆ ಹಣ ಬಂತು, ನೀಲಮ್ಮನಿಗೆ ಬಂತು. ಸಿಕ್ಕಿಬಿದ್ದದ್ದು ಮದುವೆಗೆ ಕೊಟ್ಟ ಟಿವಿಗಳು. ಬಿಲ್ಲು ಹುಡುಗಿಯ ತಂದೆಯ ಹೆಸರಿನಲ್ಲಿ, ಟಿವಿ ಬೀಗರ ಮನೆಯಲ್ಲಿ. ಗೋಡೆಗೆ ಕೂರಿಸಲು ಬಂದ ಅಂಗಡಿಯ ಹುಡುಗರು ಆ ಮನೆಯವರ ಫೋನ್ ನಂಬರನ್ನೇ ಬರೆದುಕೊಂಡು ಹೋಗಿರುತ್ತಾರೆ. ಎಂದರೆ ಓಟಿಪಿ ಹೋಗುವುದು ಅಳಿಯನ ಫೋನಿಗೆ. ಹಣ ಮಂಜೂರಾಯಿತು, ಇಂಥ ಟಿವಿಗೆ ನಿಮ್ಮಿಂದ ಹೆಚ್ಚಿಗೆ ಪಡೆದದ್ದು ಇಷ್ಟು ಎಂಬ ಸಂದೇಶ ಹೋಗುವುದೂ ಅದೇ ಫೋನಿಗೆ. ಕೆಲವು ಅಳಿಯಂದಿರು ನಕ್ಕು ನಂಬರ್ ಕೊಟ್ಟರು. ಕೆಲವರು ಅರ್ಧ ಕೇಳಿದರು. ಒಬ್ಬ ಅಳಿಯ, ಟಿವಿ ನಮ್ಮ ಗೋಡೆ ಮೇಲೆ ಐತಿ, ರೊಕ್ಕ ಮಾವಗ್ಯಾಕ ಎಂದು ನನಗೇ ಕಾನೂನು ಹೇಳಿದ.

ಮಲ್ಲಪ್ಪನವರದು ಉಳಿಯಿತು. ವಕೀಲರು ಅಂಗಡಿಯವರಿಗೆ ಬರೆದರು, ಫೋನ್ ನಂಬರ್ ಬದಲಿಸಿ ಎಂದು. ಬದಲಿಸುತ್ತೇವೆ, ಆದರೆ ಹಳೆಯ ನಂಬರಿಗೆ ಕರೆ ಮಾಡಿ ಒಪ್ಪಿಗೆ ಕೇಳಿದ ಮೇಲೆ ಎಂದು ಉತ್ತರ ಬಂತು. ಸುತ್ತಿ ಬಳಸಿ ಎಲ್ಲ ದಾರಿಯೂ ಅಳಿಯನ ಫೋನಿಗೇ ಹೋಗಿ ಮುಟ್ಟುತ್ತಿತ್ತು. ಸುನಂದಾಗೆ ಕೇಸಿನ ವಿಷಯ ಗೊತ್ತಿತ್ತು. ಗಂಡ ಸ್ನಾನಕ್ಕೆ ಹೋದಾಗ ಆಕೆ ನಂಬರ್ ನೋಡಿ ಹೇಳಬಹುದಲ್ಲ ಎಂದು ನಾನೇ ಒಮ್ಮೆ ಬಾಯಿಬಿಟ್ಟೆ.

ಮಲ್ಲಪ್ಪ ಸೂಜಿ ನಿಲ್ಲಿಸಿದರು. "ಮಗಳಿಗೆ ಗಂಡನ ಫೋನು ಕದ್ದು ನೋಡು ಅಂತ ತಂದಿ ಹೇಳ್ಬೇಕೇನ್ರಿ?"

ಹಣ ಕೇಳಲು ಕೊಟ್ಟ ಗಡುವು ಮುಗಿಯಲು ವಾರವೂ ಇರಲಿಲ್ಲ. ಕೊನೆಗೆ ಅವರೇ ಹೇಳಿದರು, "ಅಳಿಯ ಕೆಟ್ಟಾಂವಲ್ಲ. ನಾನ ಹೋಗಿ ಕುಂತು ಹೇಳ್ತೀನಿ. ಕಾನೂನಿಂದು ಕೇಳಿದ್ರ ನನಗ ಬರಂಗಿಲ್ಲ. ನೀವೂ ಬರ್ರಿ."

ನಾನು ಸಿಂಧನೂರಿನಿಂದ, ಅವರು ಲಿಂಗಸುಗೂರಿನಿಂದ, ಮಸ್ಕಿಯ ಬಸ್ ನಿಲ್ದಾಣದಲ್ಲಿ ಕೂಡಿದೆವು. ಅವರು ಒಗೆದ ಅಂಗಿ ಹಾಕಿಕೊಂಡು, ಒಂದು ಡಜನ್ ಬಾಳೆಹಣ್ಣು, ಮಗಳಿಗೆ ಹೊಲಿದ ಒಂದು ಕುಪ್ಪಸ ತಂದಿದ್ದರು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು. "ನೋಡ್ರಿ, ಅಂಗಡ್ಯಾರು ಮೋಸ ಮಾಡ್ಯಾರ, ನಾನಲ್ಲ. ಇಷ್ಟ ಹೇಳೋದು. ಹೌದಲ್ರಿ?" ನಾನು ಹೌದೆಂದೆ.

ಬೀಗತಿ ಗಂಗಮ್ಮ ಬಾಗಿಲಿಗೇ ಬಂದು ಕರೆದರು. ದಪ್ಪನೆಯ, ನಗುಮುಖದ ಹೆಂಗಸು. ಮಲ್ಲಪ್ಪ ನನ್ನನ್ನು, ಸಿಂಧನೂರಿನಾಗ ನಮಗ ಬೇಕಾದವ್ರು ಎಂದು ಹೇಳಿದರು. ಅಳಿಯ ನಾಗರಾಜ ದನದ ದವಾಖಾನೆಯಲ್ಲಿ ಕಂಪೌಂಡರ್, ಊಟಕ್ಕೆ ಬರುವ ಹೊತ್ತಾಗಿತ್ತು. ಸುನಂದಾ ನೀರು ತಂದು ಕೊಟ್ಟು, ಅಪ್ಪನ ಮುಖ ನೋಡಿ, ನನ್ನ ಮುಖ ನೋಡಿ, ಒಳಗೆ ಹೋದಳು.

ಟಿವಿ ಪಡಸಾಲೆಯ ಗೋಡೆಯ ಮೇಲಿತ್ತು. ಅದರ ಮೇಲೊಂದು ಕಸೂತಿ ಹಾಕಿದ ಬಟ್ಟೆ. ನಾನು ಅತ್ತ ನೋಡಿದ್ದನ್ನು ಗಂಗಮ್ಮ ಕಂಡರು.

"ನಮ್ಮ ಬೀಗ್ರು ಕೊಟ್ಟಿದ್ದು ನೋಡ್ರಿ," ಎಂದು ಬಟ್ಟೆ ಎತ್ತಿ ತೋರಿಸಿದರು. "ಈ ಓಣ್ಯಾಗ ಇಷ್ಟು ತುಟ್ಟಿ ಟಿವಿ ಯಾರ ಮನ್ಯಾಗೂ ಇಲ್ಲ. ಮದುವ್ಯಾಗ ಮೈಕಿನ್ಯಾಗ ರೇಟ್ ಕೂಗಿದ್ರಲ್ಲ, ನಮ್ಮ ಕಡ್ಯಾವ್ರೆಲ್ಲ ಬಾಯಿ ಮ್ಯಾಲ ಕೈ ಇಟ್ಕೊಂಡ್ರು. ಕೂಲಿಗೆ ಹೊಲಿಯಾಂವ ಇಷ್ಟು ಕೊಟ್ಟಾನಲ್ಲ ಅಂತ. ನಾ ಅಂದೆ, ಮನಷಾನ ಕೈ ನೋಡಬ್ಯಾಡ್ರಿ, ಮನಸು ನೋಡ್ರಿ."

ಮಲ್ಲಪ್ಪ ಬಾಳೆಹಣ್ಣಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

ಗಂಗಮ್ಮ ದನಿ ಇಳಿಸಿದರು, ಆದರೆ ಅಡುಗೆಮನೆಗೆ ಕೇಳದಷ್ಟೇನೂ ಇಳಿಸಲಿಲ್ಲ. "ದೊಡ್ಡ ಸೊಸಿ ತವರಿನವ್ರು ಕಪಾಟು ಕೊಟ್ಟಾರ. ಅದರ ರೇಟು ಅವರು ಒಂದು ಹೇಳಿದ್ರು, ಅಂಗಡ್ಯಾಗ ಕೇಳಿದ್ರ ಇನ್ನೊಂದು. ಬಾಗ್ಲಾ ಹಾಕಿದ್ರ ತಾನ ತೆರಿತೈತಿ. ಏನು ಮಾಡೋದ್ರಿ, ಸುಮ್ನ ಇಟ್ಕೊಂಡೀವಿ."

ಒಳಗೆ ಒಂದು ಪಾತ್ರೆ ನೆಲಕ್ಕೆ ಬಿದ್ದಷ್ಟು ಜೋರಾಗಿ ಕೂತಿತು. ದೊಡ್ಡ ಸೊಸೆ ಒಲೆ ಮುಂದೆ ಇದ್ದಳು. ಬಾಗಿಲಿನಿಂದ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಅವಳು ಆ ಮನೆಗೆ ಬಂದು ಎಷ್ಟೋ ವರ್ಷವಾಗಿರಬೇಕು. ಇಬ್ಬರು ಮಕ್ಕಳ ಸಾಲೆಯ ಚೀಲಗಳು ಗೂಟಕ್ಕೆ ನೇತಾಡುತ್ತಿದ್ದವು. ಕಪಾಟಿನ ಮಾತು ಇನ್ನೂ ನಡೆಯುತ್ತಿತ್ತು.

ಮಲ್ಲಪ್ಪ ಆ ಬೆನ್ನನ್ನೇ ನೋಡುತ್ತ ಕೂತಿದ್ದರು.

ನಾಗರಾಜ ಬಂದ. ಚಪ್ಪಲಿ ಬಿಟ್ಟು, "ಮಾವಾರ, ಯಾವಾಗ ಬಂದ್ರಿ? ಫೋನರ ಮಾಡಬೇಕಿಲ್ಲೇನ್ರಿ, ಬಸ್ ಸ್ಟ್ಯಾಂಡಿಗೆ ಬರ್ತಿದ್ದೆ" ಎನ್ನುತ್ತ ಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದ. ಆ ಫೋನು ನಮ್ಮಿಬ್ಬರ ನಡುವೆ ಇತ್ತು. ನಾನು ಬ್ಯಾಗಿನಿಂದ ಆದೇಶದ ಪ್ರತಿ ತೆಗೆಯಲು ಕೈ ಹಾಕಿದೆ. ಮಲ್ಲಪ್ಪ ಬೇಡವೆಂಬಂತೆ ಕಣ್ಣಲ್ಲೇ ತಡೆದರು. ಇನ್ನೂ ಸ್ವಲ್ಪ ತಡೆಯಿರಿ ಎನ್ನುತ್ತಿದ್ದಾರೆ ಎಂದುಕೊಂಡೆ.

ಊಟಕ್ಕೆ ಕೂತೆವು. ರೊಟ್ಟಿ, ಪುಂಡಿಪಲ್ಯ. ನಾಗರಾಜ ಮಾವನ ತಾಟಿಗೆ ತಾನೇ ತುಪ್ಪ ಹಾಕಿ ಕೇಳಿದ:

"ಏನರ ಕೆಲಸ ಇತ್ತೇನ್ರಿ ಮಾವಾರ? ಅಂಗಡಿ ಮುಚ್ಚಿ ಬಂದೀರಿ."

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. ಸುನಂದಾ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಲ್ಲಪ್ಪ ನೀರು ಕುಡಿದರು.

"ಏನಿಲ್ರಿ. ಕುಪ್ಪಸ ಹೊಲಿದಿದ್ದೆ. ಕೊಟ್ಟು ಹೋಗಾಣು ಅಂತ."

ಕೈತೊಳೆಯಲು ನಾವಿಬ್ಬರೂ ಹಿತ್ತಲಿಗೆ ಹೋದಾಗ ಸುನಂದಾ ತಂಬಿಗೆ ಹಿಡಿದು ಹಿಂದೆಯೇ ಬಂದಳು. ದನಿ ನ್ಯಾಯ ಕೇಳುವವಳ ಹಾಗಿತ್ತು.

"ಅಪ್ಪಾ, ಯಾಕ ಹೇಳಲಿಲ್ಲ? ಇವರು ಏನೂ ಅನ್ನಂಗಿಲ್ಲ. ಬೇಕಾದ್ರ ನಾನ ಹೇಳ್ತೀನಿ."

"ನಿನ್ನ ಗಂಡ ಅನ್ನಂಗಿಲ್ಲವ್ವಾ, ನನಗೂ ಗೊತ್ತೈತಿ."

"ಮತ್ತ? ಕಾಲು ನೋಡ್ಕೋ. ಊದೈತಿ."

ಮಲ್ಲಪ್ಪ ತಂಬಿಗೆ ಇಸಿದುಕೊಂಡು ಕೈಗೆ ತಾವೇ ನೀರು ಹಾಕಿಕೊಂಡರು. "ಕಪಾಟಿನ ಮಾತು ಕೇಳಿದೆಲ್ಲಬೇ. ಹತ್ತು ವರ್ಷ ಆದ್ರೂ ಬಿಟ್ಟಿಲ್ಲ. ನಾ ಬಸ್ ಹತ್ತಿ ಹೋಗ್ತೀನಿ, ಇಲ್ಲಿ ಇರಾಕಿ ನೀನು. ಆ ರೇಟು ಹಂಗ ಇರ್ಲಿ."

ಸುನಂದಾ ತಂಬಿಗೆ ಇಸಿದುಕೊಂಡು ಮತ್ತೆ ತುಂಬಿದಳು. ಅವರಿಬ್ಬರ ನಡುವೆ ನಾನು ಏನು ಹೇಳಬಹುದಿತ್ತು? ಗ್ರಾಹಕನ ಹಕ್ಕುಗಳು ಇಂತಿಷ್ಟು ಎಂದು ನಮ್ಮ ಗೋಡೆಯ ಮೇಲೆ ಬರೆದಿದೆ, ಬಾಯಿಪಾಠವಿದೆ ನನಗೆ. ಅದರಲ್ಲಿ ಒಂದೂ ನಾಲಗೆಗೆ ಬರಲಿಲ್ಲ.

ಹೊರಟಾಗ ಗಂಗಮ್ಮ ನನ್ನ ಹಣೆಗೆ ಕುಂಕುಮ ಹಚ್ಚಿ, ಓಣಿಯ ತಿರುವಿನವರೆಗೂ ಕಳಿಸಲು ಬಂದರು. ನಾನು ಊಟದ ಹೊತ್ತಿನಲ್ಲಿ ಮತ್ತೆ ಮತ್ತೆ ಟಿವಿ ಕಡೆ ನೋಡಿದ್ದು ಅವರ ಮನಸ್ಸಿನಲ್ಲಿ ಬೇರೆಯಾಗಿ ಕೂತಿತ್ತು.

"ಅಕ್ಕಾರ, ನೀವೂ ಟಿವಿ ತಗೊಳ್ಳೋದಿದ್ರ ಅದ ಅಂಗಡಿಗೆ ಹೋಗ್ರಿ. ನಮ್ಮ ಬೀಗ್ರ ಹೆಸರು ಹೇಳ್ರಿ, ಕಡಿಮಿ ಮಾಡಿ ಕೊಡ್ತಾರ. ಹೌದಲ್ರಿ ಬೀಗ್ರ?"

"ಹೌದೌದ್ರಿ," ಎಂದರು ಮಲ್ಲಪ್ಪ. "ನನ್ನ ಹೆಸರು ಆ ಅಂಗಡ್ಯಾಗ ಎಲ್ಲಾರಿಗೂ ಗೊತ್ತೈತಿ."

ಬಸ್ ನಿಲ್ದಾಣ ಮುಟ್ಟಿದೆವು. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅವರು ನಗತೊಡಗಿದರು. ಮೊದಲು ಸಣ್ಣಗೆ, ಆಮೇಲೆ ಹೆಗಲ ಮೇಲಿನ ಟವೆಲ್ ಬಾಯಿಗೆ ಒತ್ತಿಕೊಂಡು. ಪಕ್ಕದವರು ತಿರುಗಿ ನೋಡಿದರು. ನನಗೂ ನಗು ಬಂತು. ಲಿಂಗಸುಗೂರಿನ ಬಸ್ಸು ಬಂದಾಗ ಅವರು ಕಣ್ಣು ಒರೆಸಿಕೊಂಡು, ಬಾಗಿಲಿನ ಕಂಬಿ ಹಿಡಿದು, ಎಡಗಾಲು ಮೊದಲಿಟ್ಟು, ಬಲಗಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟುಕೊಂಡು ಹತ್ತಿದರು.